ಹಿಂದಿನ ಸೀಟಿಗಾಗಿ ಇಟಲಿಗೆ

ಯಲಹಂಕ

ಇಟಲಿಗೆ ಹೋಗಿ ಬಂದವರೆಲ್ಲ ತಲೆ ಎತ್ತಿ ನೋಡಿದ್ದನ್ನು ಹೇಳುತ್ತಾರೆ. ಗೋಪುರ, ಗುಮ್ಮಟ, ಚಾವಣಿಯ ಮೇಲೆ ಬರೆದ ಚಿತ್ರ. ನಾನು ತಲೆ ತಗ್ಗಿಸಿ ನೋಡಿದವನು. ಯಲಹಂಕದಲ್ಲಿ ನನ್ನದೊಂದು ಟೈಲ್ಸ್ ಅಂಗಡಿ ಇದೆ. ಇಪ್ಪತ್ತೆರಡು ವರ್ಷದ ವ್ಯಾಪಾರದಲ್ಲಿ ಎಲ್ಲಿಗೆ ಹೋದರೂ ಮೊದಲು ಕಣ್ಣು ನೆಲಕ್ಕೇ ಹೋಗುವ ಹಾಗಾಗಿದೆ. ಬೀಗರ ಮನೆಗೆ ಹೋದರೂ ಬೀಗರ ಮುಖಕ್ಕಿಂತ ಮೊದಲು ಅವರ ಹಾಲಿನ ನೆಲ ನೋಡಿ, ಜಾಯಿಂಟು ಸರಿಯಾಗಿ ಕೂತಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ. ಪಕ್ಕದ ಕೋಗಿಲಿನಲ್ಲಿ ನಮ್ಮ ತಾತ ದ್ರಾಕ್ಷಿ ಬೆಳೆದ ಜಮೀನಿನಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಅದರ ನೆಲವೂ ನಮ್ಮ ಅಂಗಡಿಯದೇ.

ಇಂಥವನಿಗೆ ಐವತ್ತಮೂರನೇ ವಯಸ್ಸಿನಲ್ಲಿ ಒಂದು ಬೈಕಿನ ಮೇಲೆ ಮನಸ್ಸಾಯಿತು. ಇಟಲಿಯ ಬೈಕು. ಇಟಲಿಯದು ಅಂದರೆ ನಮ್ಮಂಥವರು ಶೋರೂಮಿನ ಗಾಜಿಗೆ ಮೂಗು ಒತ್ತಿ ನೋಡಿ ಬರುವಂಥದ್ದು ಎಂದು ತಿಳಿದಿದ್ದೆ. ಇದು ಹಾಗಲ್ಲ, ಕೈ ಚಾಚಿದರೆ ಹೇಗೋ ಎಟಕುವಂಥದ್ದು. ತೀರ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಎರಡು ಸಿಲಿಂಡರಿನ ಮಧ್ಯಮ ಗಾತ್ರದ್ದು. ನೇಕೆಡ್ ಬೈಕ್ ಅನ್ನುವ ಜಾತಿ. ಅಂದರೆ ಮೈಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ ಇಲ್ಲದೆ ಇಂಜಿನ್ನು, ಪೈಪು, ಚೌಕಟ್ಟು ಎಲ್ಲ ಹೊರಗೇ ಕಾಣುವಂಥದ್ದು. ಫೋನಿನಲ್ಲಿ ಅದರ ಫೋಟೋ ತೋರಿಸಿದಾಗ ನಮ್ಮಣ್ಣ ಕನ್ನಡಕ ಮೇಲೇರಿಸಿ ನೋಡಿ, "ಮೈಮ್ಯಾಲೆ ಏನೂ ಇಲ್ವಲ್ಲೋ, ಇಂಗಿದ್ರೆ ಮಳೇಲಿ ಎಂಗೋ ಓಡಿಸ್ತೀಯ" ಎಂದು ಕೇಳಿದ.

ಟೆಸ್ಟ್ ರೈಡ್ ಕೊಟ್ಟರು. ಹೆಬ್ಬಾಳದವರೆಗೆ ಹೋಗಿ ಬರಬಹುದು ಅಂದರು. ಹೋದೆ. ಫ್ಲೈಓವರ್ ಕೆಳಗೆ ಅರ್ಧ ಗಂಟೆ ಒಂದನೇ ಗೇರು, ನ್ಯೂಟ್ರಲ್ಲು, ಮತ್ತೆ ಒಂದನೇ ಗೇರು. ಇಂಜಿನ್ನಿನ ಬಿಸಿಗೆ ಬಲತೊಡೆ ಹದವಾಗಿ ಬೆಂದಿತು. ಬೈಕಿಗೆ ಆರು ಗೇರಿದೆ ಎಂದು ಶೋರೂಮಿನವರು ಹೇಳಿದ್ದನ್ನು ನಂಬಿಕೊಂಡೇ ವಾಪಸ್ ಬಂದೆ.

ಆದರೆ ಅಡ್ಡಿ ಇದ್ದದ್ದು ಹೆಬ್ಬಾಳದ ಟ್ರಾಫಿಕ್ ಅಲ್ಲ, ನನ್ನ ಹೆಂಡತಿ ರತ್ನ. ಅವಳು ಹೆಬ್ಬಾಳದ ವೆಟರ್ನರಿ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ. ಹದಿನೆಂಟು ವರ್ಷ ದಿನಾ ಬೆಳಿಗ್ಗೆ ನಾನೇ ಅವಳನ್ನು ನನ್ನ ನೂರು ಸಿಸಿ ಗಾಡಿಯಲ್ಲಿ ಬಿಟ್ಟು ಬರುತ್ತಿದ್ದೆ. ನಮ್ಮ ಸಂಸಾರ ನಡೆದದ್ದೇ ಆ ಗಾಡಿಯ ಮೇಲೆ. ಕೋಗಿಲು ಕ್ರಾಸಿನಲ್ಲಿ ಶುರುವಾದ ಜಗಳ ಬ್ಯಾಟರಾಯನಪುರದಲ್ಲಿ ಮುಗಿದು, ಹೆಬ್ಬಾಳ ಬರುವಷ್ಟರಲ್ಲಿ ಸಂಜೆಗೆ ಏನು ತರಕಾರಿ ಅನ್ನುವಲ್ಲಿಗೆ ಬಂದಿರುತ್ತಿತ್ತು. ಆರು ವರ್ಷದ ಹಿಂದೆ ಒಂದು ಮಳೆಗಾಲದ ಬೆಳಿಗ್ಗೆ, ಹೆಬ್ಬಾಳದ ಸರ್ವೀಸ್ ರಸ್ತೆಯಲ್ಲಿ ನೀರು ನಿಂತ ಗುಂಡಿಗೆ ಗಾಡಿ ಇಳಿದು ಇಬ್ಬರೂ ಬಿದ್ದೆವು. ಅವಳ ಎಡಗೈ ಮಣಿಕಟ್ಟು ಮುರಿದು ಒಳಗೆ ಪ್ಲೇಟು ಹಾಕಿಸಬೇಕಾಯಿತು. ನನಗೆ ಏನೂ ಆಗಲಿಲ್ಲ. ಹಿಂದೆ ಬಸ್ಸು ಬರುತ್ತಿತ್ತು, ನಾನು ಕಣ್ಣು ಮಿಟುಕಿಸುವುದರೊಳಗೆ ಗಾಡಿ ಎತ್ತಿ ಪಕ್ಕಕ್ಕೆ ನಿಲ್ಲಿಸಿದ್ದೆ. ಅಂಗಡಿಗೆ ಬಂದವರಿಗೆಲ್ಲ ಈ ಕಥೆ ಹೇಳಿದ್ದೇನೆ, ಗಾಡಿಗೆ ಒಂದು ಗೀರೂ ಬೀಳಲಿಲ್ಲ ಎನ್ನುವುದನ್ನೂ ಸೇರಿಸಿ.

ಆವತ್ತಿನಿಂದ ರತ್ನ ನನ್ನ ಹಿಂದೆ ಕೂತಿಲ್ಲ. ಬಸ್ಸಿನಲ್ಲಿ ಹೋಗುತ್ತಾಳೆ, ಬಸ್ಸಿನಲ್ಲಿ ಬರುತ್ತಾಳೆ. ಕೇಳಿದರೆ ಬಸ್ಸೇ ಆರಾಮ ಅನ್ನುತ್ತಾಳೆ. ಪಾಪ, ಹೆದರಿಕೊಂಡಿದ್ದಾಳೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಮನೆಯಲ್ಲಿ ನಾವು ಮಾತಾಡುವುದಿಲ್ಲ ಅಂತಲ್ಲ. ಆದರೆ ಟಿವಿ ಎದುರು ಕೂತು ಆಡುವ ಮಾತಿಗೂ, ಗಾಳಿಗೆ ಕಿವಿಯ ಹತ್ತಿರ ಬಾಯಿ ತಂದು ಆಡುವ ಮಾತಿಗೂ ವ್ಯತ್ಯಾಸ ಇದೆ. ಸತ್ಯ ಹೇಳುತ್ತೇನೆ, ಹೊಸ ಬೈಕು ತಂದರೆ ಅದರ ನೆಪದಲ್ಲಾದರೂ ಅವಳು ಹತ್ತಬಹುದು ಅನ್ನುವುದೇ ನನ್ನ ಲೆಕ್ಕಾಚಾರವಾಗಿತ್ತು. ಅವಳ ಉತ್ತರ ಮಾತ್ರ ಕಾನೂನಿನ ಹಾಗಿತ್ತು: ತಾನು ಕೂತು ನೋಡಿ ಹೂಂ ಅನ್ನುವವರೆಗೆ ಆ ಗಾಡಿ ಮನೆ ಮುಂದೆ ಬರಕೂಡದು. ಕೂರುತ್ತೀಯಾ ಎಂದರೆ ಇಲ್ಲ.

ಹೀಗಿರುವಾಗ ನಾವು ಮಾಲು ತರಿಸುವ ಟೈಲ್ಸ್ ಕಂಪನಿಯವರು ಆ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳನ್ನು ಹೆಂಡತಿಯರ ಸಮೇತ ಇಟಲಿಗೆ ಕರೆದೊಯ್ಯುವುದಾಗಿ ಹೇಳಿದರು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಬೈಕಿನ ತವರು ಅದೇ ಸೀಮೆ. ಸುದ್ದಿ ಬಂದ ವಾರವೇ ಆರ್‌ಟಿಒಗೆ ಹೋಗಿ, ಹೊರದೇಶದಲ್ಲಿ ಗಾಡಿ ಓಡಿಸಲು ಕೊಡುವ ಬೂದು ಬಣ್ಣದ ಪರ್ಮಿಟ್ ಪುಸ್ತಕ ಮಾಡಿಸಿಕೊಂಡೆ. ರತ್ನಳಿಗೆ ಹೇಳಲಿಲ್ಲ.

ವಿಮಾನ ನಿಲ್ದಾಣ

ಸೆಕ್ಯುರಿಟಿಯಲ್ಲಿ ರತ್ನಳ ಎಡಗೈ ಮೇಲೆ ಯಂತ್ರ ಆಡಿಸಿದ ಕೂಡಲೆ ಅದು ಕೂಗಿಕೊಂಡಿತು. ಬಳೆ ತೆಗೆಯಿರಿ ಅಂದರು. ಬಳೆ ಇರಲಿಲ್ಲ. ಇನ್ನೊಮ್ಮೆ ಆಡಿಸಿದರು, ಇನ್ನೊಮ್ಮೆ ಕೂಗಿತು. ಒಳಗೆ ಏನಿದೆ ಎಂದು ಆ ಹೆಣ್ಣುಮಗಳು ಕೇಳಿದಾಗ ರತ್ನ ನನ್ನ ಕಡೆ ಕೈ ತೋರಿಸಿ, "ನಮ್ಮನೆಯವರು ಮಾಡಿಸಿ ಕೊಟ್ಟಿದ್ದು, ತೆಗೆಯೋಕೆ ಬರಲ್ಲ" ಅಂದಳು. ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಗ್ರಾನೈಟು, ಚೆನ್ನಾಗಿತ್ತು.

ಅಲ್ಲೇ ನಾಗಸಂದ್ರದ ಗಂಗಾಧರಪ್ಪ ಸಿಕ್ಕಿದರು. ತುಮಕೂರು ರಸ್ತೆಯಲ್ಲಿ ಅವರದೂ ಟೈಲ್ಸ್ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಮುನಿರಾಜಣ್ಣ ಎಂದೇ ಕರೆಯುತ್ತಾರೆ. ಅವರ ಬ್ಯಾಗಿನಲ್ಲಿ ಬಟ್ಟೆಗಿಂತ ಪುಳಿಯೋಗರೆ ಗೊಜ್ಜೇ ಜಾಸ್ತಿ ಇತ್ತು. ಅದರ ಪಕ್ಕ ಅರಿಶಿನ, ಕುಂಕುಮ, ಊದುಬತ್ತಿ. ಹೊಸ ಊರಿಗೆ ಹೋಗುವಾಗ ದೇವರ ಸಾಮಾನು ಇಲ್ಲದೆ ಹೋಗಬಾರದು ಎಂಬುದು ಅವರ ವಾದ.

ಬೊಲೋನ್ಯಾ

ಬೊಲೋನ್ಯಾ ಊರಿನ ಫುಟ್‌ಪಾತಿಗೆಲ್ಲ ಚಾವಣಿ ಹಾಕಿದ್ದಾರೆ. ಮೈಲಿಗಟ್ಟಲೆ ಕಂಬ, ಕಮಾನು, ಅದರ ಕೆಳಗೆ ನಡೆಯುವ ದಾರಿ. ಮಳೆ ಬಂದರೂ ನೆನೆಯುವ ಹಾಗಿಲ್ಲ. ಅದಕ್ಕಿಂತ ಹೆಚ್ಚಿನದು ಆ ನೆಲ. ಒಂದೊಂದು ಮನೆಯ ಮುಂದೆ ಒಂದೊಂದು ವಿನ್ಯಾಸ, ಎಷ್ಟೋ ತಲೆಮಾರು ತುಳಿದು ತುಳಿದು ನುಣುಪಾಗಿದ್ದರೂ ಒಂದು ಕಲ್ಲೂ ಅಲ್ಲಾಡುತ್ತಿರಲಿಲ್ಲ. ಯಲಹಂಕದ ಫುಟ್‌ಪಾತಿನಲ್ಲಿ ಯಾವ ಕಲ್ಲು ತುಳಿದರೆ ಯಾವ ಕಡೆಯಿಂದ ನೀರು ಚಿಮ್ಮುತ್ತದೆ ಎಂದು ಲೆಕ್ಕ ಹಾಕಿ ನಡೆಯುವವನು ನಾನು. ಇಲ್ಲಿ ಆ ವಿದ್ಯೆ ಪೂರ್ತಿ ದಂಡವಾಯಿತು. ನಾನು ಮಂಡಿಯೂರಿ ಕೈಯಿಂದ ನೆಲ ಸವರಿ ನೋಡುತ್ತಿದ್ದರೆ ಒಬ್ಬ ಅಜ್ಜಿ ಬಂದು ನನ್ನ ಭುಜ ಮುಟ್ಟಿ, ಚರ್ಚಿನ ಬಾಗಿಲು ಆ ಕಡೆ ಇದೆ ಎಂದು ಕೈ ತೋರಿಸಿದಳು.

ಕಾಫಿಯ ವಿಷಯದಲ್ಲಿ ರತ್ನ ಇಟಲಿಗೆ ಒಂದು ಹೊಸ ಸಮಸ್ಯೆ ತಂದಳು. ಅಲ್ಲಿಯವರು ನಮ್ಮ ದರ್ಶಿನಿಯ ಹಾಗೆಯೇ ಕೌಂಟರಿನ ಮುಂದೆ ನಿಂತು ಕಾಫಿ ಕುಡಿಯುತ್ತಾರೆ. ಅದನ್ನು ನೋಡಿ ಧೈರ್ಯ ಬಂದು ಅವಳು ಒಂದು ಕಾಫಿ ಬೈಟೂ ಮಾಡಿ ಕೊಡಿ ಎಂದು ಬೆರಳಿನಲ್ಲಿ ತೋರಿಸಿದಳು. ಅಲ್ಲಿಯ ಕಾಫಿ ಒಟ್ಟು ಇರುವುದೇ ಎರಡು ಗುಟುಕು. ಕಾಫಿ ಮಾಡುವವನು ಬಹಳ ಹೊತ್ತು ಯೋಚಿಸಿ, ಬೊಂಬೆಯ ಮನೆಯ ಲೋಟದಂಥ ಎರಡು ಕಪ್ಪಿಗೆ ಒಂದೊಂದು ಗುಟುಕು ಹಂಚಿ, ನಾವು ಕುಡಿಯುವವರೆಗೆ ಕೈಕಟ್ಟಿ ನಿಂತು ನೋಡಿದ.

ಮೊದಲ ಮೂರು ದಿನ ಕಂಪನಿಯವರು ನಮ್ಮನ್ನು ಟೈಲ್ಸ್ ಫ್ಯಾಕ್ಟರಿಗಳಿಗೆ ಕರೆದೊಯ್ದರು. ಮೊದಲನೆಯದನ್ನು ಎಲ್ಲರೂ ಬಾಯಿ ಬಿಟ್ಟು ನೋಡಿದೆವು. ಎರಡನೆಯದರಲ್ಲಿ ಹೆಂಗಸರು ಹೊರಗೆ ಕೂತರು. ಮೂರನೆಯದರಲ್ಲಿ ಗಂಗಾಧರಪ್ಪ ನಿಂತಲ್ಲೇ ತೂಕಡಿಸಿದರು. ನಾಲ್ಕನೇ ದಿನಕ್ಕೆ ಇನ್ನೊಂದು ಫ್ಯಾಕ್ಟರಿ, ಬೇಡವಾದವರಿಗೆ ರಜೆ ಎಂದಾಗ ನಾನು ಮೆಲ್ಲಗೆ ಬೂದು ಪುಸ್ತಕ ಹೊರಗೆ ತೆಗೆದೆ. ಊರ ಹೊರಗೆ ಬೈಕು ಬಾಡಿಗೆಗೆ ಕೊಡುವ ಜಾಗವೊಂದಿದೆ, ಅದೇ ಬೈಕು, ಅದೇ ಬಣ್ಣ ಎಂದೆ.

ರತ್ನ ಪುಸ್ತಕ ತಿರುಗಿಸಿ ಅದರ ತಾರೀಕು ನೋಡಿದಳು. ನನ್ನ ಕಳ್ಳತನ ಅವಳಿಗೆ ಗೊತ್ತಾಯಿತು. ಬೈಯುತ್ತಾಳೆ ಎಂದು ಕಾದೆ. ಅವಳು ಪುಸ್ತಕ ವಾಪಸ್ ಕೊಟ್ಟು, "ಇನ್ನೊಂದು ಫ್ಯಾಕ್ಟರಿ ನೋಡೋದಕ್ಕಿಂತ ನಿಮ್ಮ ಹಿಂದೆ ಕೂತು ಬೀಳೋದೇ ವಾಸಿ" ಅಂದಳು.

ಪಾವ್ಲಾಳ ಅಂಗಳ

ಬೈಕು ಬಾಡಿಗೆಗೆ ಕೊಡುವವಳ ಹೆಸರು ಪಾವ್ಲಾ. ಅರವತ್ತರ ಆಚೆಯ ಹೆಂಗಸು, ಚಿಕ್ಕದಾಗಿ ಕತ್ತರಿಸಿದ ಬಿಳಿ ಕೂದಲು, ಉಗುರಿನಲ್ಲಿ ಗ್ರೀಸು. ಅವಳ ಇಂಗ್ಲಿಷು ನನ್ನದರಷ್ಟೇ ಇತ್ತು, ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಅವಳ ಅಂಗಳಕ್ಕೆ ಹಾಕಿದ್ದು ಹೊಳೆಯುವ ಟೈಲ್ಸು. ಹೊರಗಡೆಗೆ ಜಾರದ ಒರಟು ಟೈಲ್ಸು ಹಾಕಬೇಕಿತ್ತು ಎಂದು ಬಂದ ಕೂಡಲೆ ಅವಳಿಗೆ ಬುದ್ಧಿ ಹೇಳಿದೆ. ಅದನ್ನು ಹೇಳಿದವನು ನಾನೇ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಬೈಕು ಹೊರಗೆ ಬಂತು. ಬಿಸಿಲಿಗೆ ಕೆಂಪು ಟ್ಯಾಂಕು ಫಳಫಳ ಹೊಳೆಯಿತು. ಮುಂದಿನ ಸೀಟು ಅಗಲವಾಗಿ, ತಗ್ಗಾಗಿ, ಕೂತರೆ ಎರಡು ಕಾಲೂ ನೆಲಕ್ಕೆ ಊರುವಂತಿತ್ತು. ಹಿಂದಿನ ಸೀಟಿನ ಕಥೆ ಮಾತ್ರ ಬೇರೆ. ಕಾಯಿ ತುರಿಯುವ ಮಣೆಗಿಂತ ಚಿಕ್ಕದು, ಮುಂದಿನ ಸೀಟಿಗಿಂತ ಎತ್ತರದಲ್ಲಿತ್ತು, ಹಿಡಿದುಕೊಳ್ಳಲು ಕಂಬಿಯೂ ಇರಲಿಲ್ಲ. ಇಟಲಿಯವರು ಬೈಕು ಮಾಡುವಾಗ ಹೆಂಡತಿಯರ ವಿಷಯ ಕೊನೆಗೆ ನೆನಪು ಮಾಡಿಕೊಳ್ಳುತ್ತಾರೆ ಅನಿಸಿತು. ಪಾವ್ಲಾ ಕೊಟ್ಟ ದಪ್ಪ ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ನಿಂತ ರತ್ನ ಸೀಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. 

ಅಷ್ಟರಲ್ಲಿ ನಮ್ಮನ್ನು ಕಳಿಸಿಕೊಡಲು ಬಂದಿದ್ದ ಗಂಗಾಧರಪ್ಪ ಪೂಜೆ ಶುರು ಮಾಡಿದ್ದರು. ಬಾಡಿಗೆ ಬೈಕಿಗೆ ಯಾಕೆ ಎಂದೆ. ಬೈಕು ಬಾಡಿಗೆಯದಾದರೂ ಮೇಲೆ ಕೂರುವ ಜೀವ ಬಾಡಿಗೆಯದಲ್ಲವಲ್ಲ ಅಂದರು. ಟ್ಯಾಂಕಿಗೆ ಕುಂಕುಮ, ಹೆಡ್‌ಲೈಟಿಗೆ ಅರಿಶಿನ. ಊದುಬತ್ತಿಯನ್ನು ಪೆಟ್ರೋಲಿನಿಂದ ದೂರ ಹಚ್ಚಿಸಿದ್ದು ರತ್ನಳ ಪುಣ್ಯ. ಪಾವ್ಲಾ ತಡೆಯಲಿಲ್ಲ. ತಮ್ಮ ಊರಿನ ಪಾದ್ರಿಯೂ ವರ್ಷಕ್ಕೊಮ್ಮೆ ಬೈಕುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೀರು ಚಿಮುಕಿಸುತ್ತಾರೆ ಎಂದು ಕೈ ಆಡಿಸಿ ತೋರಿಸಿದಳು.

ಅವಳಿಗೆ ಅರ್ಥವಾಗದೆ ಹೋಗಿದ್ದು ನಿಂಬೆಹಣ್ಣು. ನಮ್ಮಲ್ಲಿ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿಕೊಂಡು ಹೋಗುತ್ತೇವೆ, ದೃಷ್ಟಿ ಅಲ್ಲಿಗೇ ಹೋಗಲಿ ಎಂದು. ಊರಿನಿಂದ ತರಲು ಮರೆತ ಗಂಗಾಧರಪ್ಪ ಬೆಳಿಗ್ಗೆ ಬೊಲೋನ್ಯಾ ಮಾರುಕಟ್ಟೆಯಲ್ಲಿ ಎರಡು ಕೊಂಡಿದ್ದರು. ದೇವರ ಕೆಲಸಕ್ಕೆ ಚಿಕ್ಕದು ಯಾಕೆ ಎಂದು ಇದ್ದುದರಲ್ಲಿ ದೊಡ್ಡದನ್ನೇ ಆರಿಸಿದ್ದರು. ಇಟಲಿಯ ದೊಡ್ಡ ನಿಂಬೆಹಣ್ಣು ಅಂದರೆ ನಮ್ಮ ಮೂಸಂಬಿಯ ದೊಡ್ಡಪ್ಪ. ಹೆಬ್ಬೆರಳು ದಪ್ಪದ ಸಿಪ್ಪೆ. ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಇಟ್ಟರು. ನಾನು ಹತ್ತಿ ಕೂತೆ. ರತ್ನ ನನ್ನ ಭುಜ ಹಿಡಿದು, ಮೂರು ಸಲ ಪ್ರಯತ್ನಿಸಿ, ನಾಲ್ಕನೆಯದಕ್ಕೆ ಮೇಲೇರಿದಳು. ಆರು ವರ್ಷದ ಮೇಲೆ ಅವಳ ಎರಡು ಕೈ ನನ್ನ ಸೊಂಟದ ಮೇಲೆ ಬಂದವು. ಆ ಕ್ಷಣಕ್ಕೆ ನನಗೆ ಎಲ್ಲ ದೇವರೂ ಇದ್ದಾರೆ ಅನಿಸಿತು.

ಕ್ಲಚ್ಚು ಬಿಟ್ಟೆ. ನಮ್ಮ ನಿಂಬೆಹಣ್ಣು ಚಪ್ಪೆಂದು ಒಡೆಯುತ್ತದೆ. ಇದು ಒಡೆಯಲಿಲ್ಲ. ಉರುಳಿತು. ಹೊಳೆಯುವ ಟೈಲ್ಸಿನ ಮೇಲೆ ನಿಂಬೆ, ನಿಂಬೆಯ ಮೇಲೆ ಚಕ್ರ. ಹ್ಯಾಂಡಲ್ಲು ಎಡಕ್ಕೆ ತಿರುಗಿತು, ಗಾಬರಿಯಲ್ಲಿ ಮುಂದಿನ ಬ್ರೇಕು ಹಿಡಿದೆ, ಒಂದು ಮಾರು ದೂರವೂ ಹೋಗದೆ ಬೈಕು ಎಡಕ್ಕೆ ಮಲಗಿತು. ರತ್ನ ಅತ್ತ ಅಂಗಳದಂಚಿನ ಹುಲ್ಲಿನ ಮೇಲೆ ಬಿದ್ದಳು. ನಾನು ಇತ್ತ ನಿಂತೇ ಉಳಿದೆ. ಹ್ಯಾಂಡಲ್ಲು ಹಿಡಿದು ಬೈಕನ್ನು ಎಳೆದೆ, ಅದು ಜಪ್ಪಯ್ಯ ಅನ್ನಲಿಲ್ಲ. ಇನ್ನೊಮ್ಮೆ ಎಳೆದಾಗ ಸೊಂಟದಲ್ಲಿ ಏನೋ ಕಳಕ್ಕೆಂದಿತು. ಬಿಟ್ಟು ರತ್ನಳ ಕಡೆ ಓಡಿ, ಕೈ ಕೊಟ್ಟು ಎಬ್ಬಿಸಿ, ಮಣಿಕಟ್ಟು ಹಿಡಿದು ನೋಡಿ, ಹೆಲ್ಮೆಟ್ಟು ತೆಗೆದು, ಎಲ್ಲಾದರೂ ನೋವಾಯಿತಾ ಎಂದು ಹತ್ತು ಸಲ ಕೇಳಿದೆ. ಎಲ್ಲೂ ಆಗಿರಲಿಲ್ಲ.

ಪಾವ್ಲಾ ಬಂದಳು. ಬೈಕಿಗೆ ಬೆನ್ನು ತಿರುಗಿಸಿ, ಕುಂಡೆಯನ್ನು ಸೀಟಿಗೆ ಒತ್ತಿ, ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಟ್ಟು ಒಬ್ಬಳೇ ಎತ್ತಿ ನಿಲ್ಲಿಸಿದಳು. ಅರವತ್ತು ದಾಟಿದ ಹೆಂಗಸು. ಗಂಗಾಧರಪ್ಪ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕ್ಲಚ್ ಲಿವರಿನ ತುದಿ ಮುರಿದಿತ್ತು. ಅವಳು ಒಳಗಿನಿಂದ ಬೇರೆಯದು ತಂದು ಹಾಕಿ, ನಿಂಬೆಹಣ್ಣು ಕೈಗೆತ್ತಿಕೊಂಡು ಮೂಸಿ, ಹಣ್ಣಿಗೆ ಏನೂ ಆಗಿಲ್ಲ ಎಂದು ಒಳಗಿಟ್ಟುಕೊಂಡಳು. ಗಂಗಾಧರಪ್ಪ ಮಾತ್ರ ದೃಷ್ಟಿ ಎಷ್ಟು ಬಲವಾಗಿತ್ತು ನೋಡಿ, ಇಲ್ಲೇ ಕಳೆಯಿತು ಅಂದರು. ಆಮೇಲೆ ಬಸ್ಸು ಹಿಡಿದು ಫ್ಯಾಕ್ಟರಿಗೆ ಹೊರಟುಹೋದರು.

ಇಷ್ಟಾದ ಮೇಲೆ ಮುಗಿಯಿತು ಎಂದುಕೊಂಡೆ. ನಾನೇ ಹೆಲ್ಮೆಟ್ಟು ತೆಗೆಯಲು ಹೋದೆ. ರತ್ನ ಜಾಕೆಟ್ಟಿನ ಹುಲ್ಲು ಕೊಡವಿಕೊಂಡು, "ಹತ್ತಿ, ಹೊತ್ತಾಗುತ್ತೆ" ಅಂದಳು. ನನಗೆ ಏನೂ ಅರ್ಥವಾಗಲಿಲ್ಲ. ಹೆದರಿದವಳು ಬಿದ್ದ ಮೇಲೆ ಇನ್ನೂ ಹೆದರಬೇಕಲ್ಲ.

ಬಲಗಡೆಯ ರಸ್ತೆ

ಇಟಲಿಯಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು. ಇದು ತಲೆಗೆ ಗೊತ್ತಿದ್ದರೂ ಕೈಗೆ ಗೊತ್ತಿರಲಿಲ್ಲ. ಒಂದೊಂದು ತಿರುವಾದ ಮೇಲೂ ತಾನಾಗಿ ಎಡಕ್ಕೆ ಹೋಗುತ್ತಿದ್ದೆ, ಆಗ ರತ್ನ ನನ್ನ ಬಲತೊಡೆಗೆ ಒಂದು ಏಟು ಕೊಡುತ್ತಿದ್ದಳು. ಹೆಬ್ಬಾಳದಲ್ಲಿ ಬೆಂದ ಅದೇ ತೊಡೆ. ಮೊದಲ ಸರ್ಕಲಿನಲ್ಲಿ ಯಾವ ಕಡೆ ಹೊರಬೀಳಬೇಕೆಂದು ತಿಳಿಯದೆ ನಾಲ್ಕು ಸುತ್ತು ಹಾಕಿದೆ. ಬೆಂಚಿನ ಮೇಲೆ ಕೂತ ಮುದುಕನಿಗೆ ರತ್ನ ಪ್ರತಿ ಸುತ್ತಿಗೂ ಕೈ ಬೀಸಿದಳು. ನಾಲ್ಕನೇ ಸುತ್ತಿಗೆ ಅವನು ಎದ್ದು ನಿಂತು ಟೋಪಿ ತೆಗೆದ.

ಆಮೇಲೆ ಊರು ಮುಗಿದು ಬೆಟ್ಟ ಶುರುವಾಯಿತು. ಬೈಕಿಗೆ ನಿಜವಾಗಿಯೂ ಆರು ಗೇರಿತ್ತು. ಮೂರನೆಯದರಲ್ಲಿ ಆಕ್ಸಿಲರೇಟರಿನ ಕಿವಿ ಸ್ವಲ್ಪ ಹಿಂಡಿದರೆ ಸಾಕು, ಇಬ್ಬರ ಭಾರವನ್ನೂ ಲೆಕ್ಕಿಸದೆ ಏರು ಹತ್ತುತ್ತಿತ್ತು. ಹ್ಯಾಂಡಲ್ಲು ಅಗಲವಾಗಿದ್ದರಿಂದ ತಿರುವಿನಲ್ಲಿ ಒತ್ತಾಯ ಬೇಕಿರಲಿಲ್ಲ. ಎತ್ತ ನೋಡುತ್ತೇವೋ ಅತ್ತ ಹೋಗುತ್ತಿತ್ತು. ಬೆನ್ನು ನೆಟ್ಟಗೆ, ಕೈ ಸಡಿಲ. ಹೊದಿಕೆ ಇಲ್ಲದ್ದರಿಂದ ಗಾಳಿ ನೇರ ಎದೆಗೆ ಬಡಿಯುತ್ತಿತ್ತು, ಜೋರು ಹೋದರೆ ಕತ್ತು ನೋಯುತ್ತಿತ್ತು. ನನ್ನಂಥ ವಯಸ್ಸಿನವನು ಜೋರು ಹೋಗದಿರಲು ಅದೇ ಒಳ್ಳೆಯ ಉಪಾಯ. ಸಸ್ಪೆನ್ಷನ್ನು ಸ್ವಲ್ಪ ಗಟ್ಟಿ. ಅಲ್ಲಿಯ ರಸ್ತೆಗೆ ಅದು ಸರಿ, ಕೋಗಿಲಿನ ಹಂಪುಗಳಿಗೆ ಏನಾಗುತ್ತದೋ ದೇವರೇ ಬಲ್ಲ. ಎರಡು ಸಿಲಿಂಡರಿನ ಸದ್ದು ಗಂಟಲು ಸರಿಮಾಡಿಕೊಂಡ ಗಂಡಸಿನ ಹಾಗೆ ಗಂಭೀರವಾಗಿತ್ತು. ಗಾಡಿ ನನಗೆ ಹಿಡಿಸಿತು, ಅದರಲ್ಲಿ ಎರಡು ಮಾತಿಲ್ಲ.

ನಂದಿಬೆಟ್ಟದ ಅಭ್ಯಾಸದಂತೆ ಪ್ರತಿ ತಿರುವಿನಲ್ಲೂ ಹಾರನ್ನು ಹೊಡೆದೆ. ಅಲ್ಲಿ ಯಾರೂ ಹೊಡೆಯುವುದಿಲ್ಲ. ಹಾರನ್ನು ಕೇಳಿದರೆ ಯಾರೋ ಪರಿಚಯದವರು ಬಂದರು ಅನ್ನುವುದು ಅವರ ಲೆಕ್ಕ. ಒಂದು ಹಳ್ಳಿಯ ತಿರುವಿನಲ್ಲಿ ಮನೆಯೊಡತಿ ಕಿಟಕಿ ತೆರೆದು, ಕೈಯಲ್ಲಿ ಸೌಟು ಹಿಡಿದೇ ನಮಗೆ ಏನೋ ಹೇಳಿದಳು. ಊಟಕ್ಕೆ ಕರೆದಳು ಎಂದು ರತ್ನ ಈಗಲೂ ಹೇಳುತ್ತಾಳೆ. ಬೈದಳು ಎಂದು ನನ್ನ ಅಂದಾಜು.

ಇನ್ನೊಂದು ತೊಂದರೆ ಶುರುವಾಯಿತು. ಹಿಂದಿನಿಂದ ಬರುವ ಬೈಕಿನವರಿಗೆ ನಾನು ದಾರಿ ಬಿಟ್ಟರೆ, ಅವರು ಮುಂದೆ ಹೋದ ಕೂಡಲೆ ಬಲಗಾಲನ್ನು ಹೊರಗೆ ಚಾಚುತ್ತಿದ್ದರು. ಬೆಂಗಳೂರಿನಲ್ಲಿ ಗಾಡಿ ಓಡಿಸಿದ ಯಾರಿಗಾದರೂ ಕಾಲು ತೋರಿಸಿದರೆ ಅದಕ್ಕೆ ಒಂದೇ ಅರ್ಥ: ನಿಮ್ಮ ಸೈಡ್ ಸ್ಟ್ಯಾಂಡು ಇಳಿದಿದೆ. ನಮ್ಮೂರಲ್ಲಿ ಪರಸ್ಪರ ಬೈದಾಡುವವರೂ ಈ ಒಂದು ವಿಷಯವನ್ನು ಮಾತ್ರ ಅಟ್ಟಿಸಿಕೊಂಡು ಬಂದು ಹೇಳುತ್ತಾರೆ. ನಾನು ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಬಗ್ಗಿ ನೋಡಿದೆ. ಸ್ಟ್ಯಾಂಡು ಮೇಲೇ ಇತ್ತು. ಇನ್ನೊಬ್ಬ ಕಾಲು ಚಾಚಿದ. ಇನ್ನೊಮ್ಮೆ ನಿಲ್ಲಿಸಿದೆ. ಐದನೇ ಸಲ ನಿಲ್ಲಿಸಿ, ಸ್ಟ್ಯಾಂಡಿನ ಸ್ಪ್ರಿಂಗು ಸಡಿಲವಾಗಿರಬೇಕು ಎಂದು ಕೈಚೀಲದ ದಾರ ಬಿಚ್ಚಿ ಅದನ್ನು ಬಿಗಿಯಾಗಿ ಕಟ್ಟುತ್ತಿದ್ದಾಗ ರತ್ನ ಬಾಯಿ ತೆರೆದಳು. ದಾರಿ ಬಿಟ್ಟಾಗ ಮಾತ್ರ ಅವರು ಕಾಲು ಚಾಚುತ್ತಾರೆ, ಬಿಡದಿದ್ದರೆ ಇಲ್ಲ, ಅದು ಥ್ಯಾಂಕ್ಸು ಅಂದಳು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನಿಲ್ಲಿಸಿದಾಗೆಲ್ಲ ತನಗೆ ಕಾಲು ಬಿಡಿಸಿಕೊಳ್ಳಲು ಅನುಕೂಲವಾಗುತ್ತಿತ್ತು ಎಂದಳು. ದಾರ ಬಿಚ್ಚಿದೆ. ಮುಂದೆ ಒಬ್ಬನಿಗೆ ನಾನೂ ಕಾಲು ಚಾಚಿ ಥ್ಯಾಂಕ್ಸು ಹೇಳಲು ಹೋಗಿ ಮೀನಖಂಡ ಹಿಡಿದುಕೊಂಡಿತು.

ಆಮೇಲೆ ಅವಳ ಮಾತು ನಿಲ್ಲಲಿಲ್ಲ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿಸಿ, ಗಾಳಿಯ ಸದ್ದು ಮೀರಿ ಕೂಗಿ ಕೂಗಿ ಹೇಳಿದಳು. ಲೈಬ್ರರಿಗೆ ಹೊಸದಾಗಿ ಬಂದವಳು ಪುಸ್ತಕಗಳನ್ನು ಬಣ್ಣ ನೋಡಿ ಜೋಡಿಸುತ್ತಾಳಂತೆ. ನಮ್ಮ ಅತ್ತಿಗೆಗೆ ಮಂಡಿ ನೋವಂತೆ, ಯಾರಿಗೂ ಹೇಳಿಲ್ಲವಂತೆ. ನಾನು ಗೊರಕೆ ಹೊಡೆಯುವುದು ಜಾಸ್ತಿಯಾಗಿದೆಯಂತೆ. ನನ್ನ ಕಣ್ಣಲ್ಲಿ ನೀರು ಬಂತು. ಹೆಲ್ಮೆಟ್ಟಿನ ಒಳಗೆ ಒರೆಸಿಕೊಳ್ಳಲು ಆಗುವುದಿಲ್ಲ, ಹಾಗೇ ಗಾಳಿಗೆ ಬಿಟ್ಟೆ.

ಫೂತಾ

ಬೆಟ್ಟದ ನೆತ್ತಿಯ ಆ ಜಾಗದ ಹೆಸರು ಫೂತಾ. ರಸ್ತೆ ಅಲ್ಲಿ ಒಂದು ಕಡೆಯಿಂದ ಏರಿ ಇನ್ನೊಂದು ಕಡೆಗೆ ಇಳಿಯುತ್ತದೆ. ಮೇಲೆ ಒಂದು ಹೋಟೆಲು, ಅದರ ಮುಂದೆ ಸಾಲಾಗಿ ನಿಂತ ಬೈಕುಗಳು, ಬೈಕುಗಳ ಪಕ್ಕ ನನ್ನ ವಯಸ್ಸಿನ, ನನ್ನಷ್ಟೇ ಹೊಟ್ಟೆಯ ಗಂಡಸರು. ಇಳಿಯುವಾಗ ರತ್ನಳ ಕಾಲು ಮರಗಟ್ಟಿತ್ತು. ಅವಳನ್ನು ಹಿಡಿದು ನಡೆಸಿಕೊಂಡು ಹೋಗಿ ಹೊರಗಿನ ಮೇಜಿನ ಹತ್ತಿರ ಕೂರಿಸಿದೆ. ಎರಡು ಕಾಫಿ ಹೇಳಿದೆ.

ಸೀಟು ಹೇಗಿತ್ತು ಎಂದು ಕೇಳಿದೆ. ಕೆಟ್ಟದಾಗಿತ್ತು ಅಂದಳು. ಹಾಗಾದರೆ ಬೇಡವಾ ಎಂದೆ.  ಕಪ್ಪಿನೊಳಗೆ ನೋಡುತ್ತಾ ಬೇರೆಯೇ ಮಾತು ತೆಗೆದಳು.

"ರೀ, ನಾನು ಇಷ್ಟು ವರ್ಷ ಭಯಕ್ಕೆ ಕೂರ್ಲಿಲ್ಲ ಅಂದ್ಕೊಂಡಿದೀರಲ್ಲ ನೀವು."

ಮತ್ತೆ ಯಾಕೆ ಎಂದೆ.

"ಅವತ್ತು ಹೆಬ್ಬಾಳದಲ್ಲಿ ನಾನು ಕೆಸರಲ್ಲಿ ಬಿದ್ದಿದ್ದೆ. ನೀವು ಮೊದ್ಲು ಗಾಡಿ ಎತ್ತಿದ್ರಿ. ಗೀರು ಬಿದ್ದಿದ್ಯಾ ಅಂತ ಟ್ಯಾಂಕ್ ಸವರಿ ನೋಡಿದ್ರಿ. ಆಮೇಲೆ ನನ್ ಕಡೆ ಬಂದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಹಿಂದೆ ಬಸ್ಸು ಬರುತ್ತಿತ್ತು ಎಂದು ಹೇಳಲು ಬಾಯಿ ತೆರೆದೆ. ಬಸ್ಸಿನ ದಾರಿಯಲ್ಲಿ ಬಿದ್ದಿದ್ದವಳು ಅವಳೂ ಹೌದು ಎಂಬುದು ಆರು ವರ್ಷದಲ್ಲಿ ಮೊದಲ ಸಲ ನನ್ನ ತಲೆಗೆ ಹೊಳೆದು ಬಾಯಿ ಮುಚ್ಚಿದೆ. ಆ ಕಥೆಯನ್ನು ಅವಳ ಎದುರೇ ಎಷ್ಟು ಸಲ ಹೇಳಿ ಮೀಸೆ ತಿರುವಿದ್ದೇನೆ. ಪ್ರತಿ ಸಲವೂ ಅವಳು ಕಾಫಿ ತರುತ್ತೇನೆ ಎಂದು ಎದ್ದು ಒಳಗೆ ಹೋಗುತ್ತಿದ್ದಳು. ನನಗೆ ನಾಚಿಕೆಯಾಯಿತು.

"ತಪ್ಪಾಯ್ತು ಕಣೇ ರತ್ನ" ಅಂದೆ. ಇಷ್ಟು ಹೇಳಲು ಇಟಲಿಯವರೆಗೆ ಬರಬೇಕಾಯಿತು.

ಅವಳು ತಲೆ ಆಡಿಸಿದಳು. ಇವತ್ತು ಹಾಗಾಗಲಿಲ್ಲವಲ್ಲ, ಬೈಕು ಅಲ್ಲೇ ಬಿಟ್ಟು ಓಡಿ ಬಂದಿರಲ್ಲ, ಅದೂ ಇಷ್ಟು ಆಸೆ ಪಟ್ಟ ಬೈಕು, ಅದಕ್ಕೇ ಮತ್ತೆ ಹತ್ತಿದೆ ಅಂದಳು. ಹೇಳುವಾಗ ಅವಳ ಮುಖ ಮದುವೆಯಾದ ಹೊಸತರಲ್ಲಿ ಇದ್ದ ಹಾಗಿತ್ತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಎಲ್ಲ ಚೆನ್ನಾಗಿಯೇ ಮುಗಿಯುತ್ತಿತ್ತು. ಹುಲ್ಲಿನ ಮೇಲೆ ಬಿದ್ದಾಗ ಅವಳ ಮುಖ ಆ ಕಡೆಗಿತ್ತು, ನಾನು ಮೊದಲು ಏನು ಮಾಡಿದೆ ಎಂದು ಅವಳು ನೋಡಿರಲಿಲ್ಲ. ನೋಡಿದವರು ಪಾವ್ಲಾ ಮತ್ತು ಗಂಗಾಧರಪ್ಪ. ಒಬ್ಬಳಿಗೆ ಕನ್ನಡ ಬರುವುದಿಲ್ಲ, ಇನ್ನೊಬ್ಬರು ನನ್ನ ಕಡೆಯವರು. ಬೈಕು ಸಿಗುತ್ತಿತ್ತು, ಹಿಂದಿನ ಸೀಟೂ ತುಂಬುತ್ತಿತ್ತು. ಎದುರಿಗಿದ್ದ ಕಾಫಿ ನನಗೆ ಕುಡಿಯಲಾಗಲಿಲ್ಲ. ಆ ಮುಖ ನೋಡಿಕೊಂಡು ಇನ್ನೊಂದು ಸುಳ್ಳು ಕಥೆಯನ್ನು ಅಂಗಡಿಯಲ್ಲಿ ಹೇಳುತ್ತಾ ಬದುಕುವುದು ನನ್ನಿಂದ ಆಗುವ ಕೆಲಸವಲ್ಲ ಅನಿಸಿತು.

"ಇವತ್ತೂ ಮೊದ್ಲು ಗಾಡಿನೇ ಎತ್ತೋಕೆ ಹೋದೆ ಕಣೇ" ಅಂದೆ. "ಎರಡು ಸಲ ಎಳೆದೆ. ಏಳ್ಲಿಲ್ಲ. ಅದಕ್ಕೇ ನಿನ್ ಕಡೆ ಬಂದೆ."

 ಪಕ್ಕದ ಮೇಜಿನವರು ಎದ್ದು, ಜಾಕೆಟ್ಟು ಹಾಕಿಕೊಂಡು, ಬೈಕು ಶುರು ಮಾಡಿ ಹೊರಟೂ ಹೋದರು. ನಾನು ಯಥಾಪ್ರಕಾರ ನೆಲ ನೋಡುತ್ತಾ ಕೂತೆ. ಎಂಥ ನೆಲವಿತ್ತು ಎಂದು ಕೇಳಿದರೆ ಇವತ್ತಿಗೂ ನೆನಪಿಲ್ಲ. ಕೊನೆಗೆ ಅವಳು ತನ್ನ ಕಾಫಿ ಮುಗಿಸಿ, ನನ್ನದನ್ನೂ ಎತ್ತಿ ಕುಡಿದು, ಹೆಲ್ಮೆಟ್ಟು ಕೈಗೆ ತೆಗೆದುಕೊಂಡಳು.

"ಹಂಗಾದ್ರೆ ಇದನ್ನೇ ತಗೊಳ್ಳಿ" ಅಂದಳು. "ಎತ್ತೋದನ್ನ ಮಾತ್ರ ಕಲೀಬೇಡಿ."